೩,೧೬,೯೩೩ರ ಜಾತಕ

ಹೊಸದಾಗಿ ಕೆಲಸಕ್ಕೆ ಸೇರುವ ಗಣಿತ ಮೇಷ್ಟ್ರುಗಳಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದವರು ಎರಡು ತಿಂಗಳಿಂದ ನನ್ನ ಬೆನ್ನು ಹತ್ತಿದ್ದಾರೆ. ಮೂವತ್ತನಾಲ್ಕು ವರ್ಷ ಭದ್ರಾವತಿಯ ಒಂದೇ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು ನಾನು. ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಓದಿ ಯಾರೂ ಉದ್ಧಾರವಾಗುವುದಿಲ್ಲ. ನಾನು ಬರೆಯಬೇಕಾದ ವಿಷಯ ನಿಜವಾಗಿ ಒಂದೇ ಇದೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನಾಚಿಕೆಯಾಗುತ್ತದೆ ಎಂದೇ ಇಷ್ಟು ದಿನ ಅವರ ಫೋನು ಎತ್ತದೆ ತಪ್ಪಿಸಿಕೊಂಡಿದ್ದೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿಬರುವುದು. ಟಿಕೆಟ್ ಕೈಗೆ ಬಂದ ತಕ್ಷಣ ಅದರ ಮೇಲಿನ ನಂಬರನ್ನು ಮನಸ್ಸಿನಲ್ಲೇ ಒಡೆಯಲು ಶುರುಮಾಡುತ್ತಿದ್ದೆ. ಮಲವಗೊಪ್ಪ ಬರುವಷ್ಟರಲ್ಲಿ ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಿ ಮುಗಿದಿರಬೇಕು ಎಂಬುದು ನನಗೆ ನಾನೇ ಹಾಕಿಕೊಂಡ ನಿಯಮ. ಒಮ್ಮೆ ೩೮೨೩೮೨ ಎಂಬ ಟಿಕೆಟ್ ಬಂತು. ಮೂರು ಅಂಕಿ ಹಾಗೆಯೇ ಎರಡು ಸಲ ಬಂದರೆ ಆ ಸಂಖ್ಯೆ ಏಳು, ಹನ್ನೊಂದು, ಹದಿಮೂರು ಮೂರರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಸಂತೋಷ ತಡೆಯಲಾರದೆ ಕಂಡಕ್ಟರಿಗೆ ಹೇಳಿದೆ. ಆತ ಟಿಕೆಟನ್ನೂ ನನ್ನ ಮುಖವನ್ನೂ ನೋಡಿ, "ಎಷ್ಟರಿಂದ ಬೇಕಾದ್ರೂ ಭಾಗ್ಸಿ ಸಾರ್, ಇಳಿಯೋ ಸ್ಟಾಪು ಮಾತ್ರ ಮರೀಬೇಡಿ" ಎಂದ. ಅವತ್ತು ನಾನು ನಿಜಕ್ಕೂ ಒಂದು ಸ್ಟಾಪು ಮುಂದೆ ಇಳಿದೆ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಎಡವಟ್ಟು ಮಾಡಿದ್ದೆ. ಅವಿಭಾಜ್ಯ ಸಂಖ್ಯೆ ಎಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು ಎಂದು ವಿವರಿಸಿ, ಉದಾಹರಣೆಗಳನ್ನು ಬರೆಯುತ್ತಾ ತೊಂಬತ್ತೊಂದನ್ನೂ ಬೋರ್ಡಿನ ಮೇಲೆ ಬರೆದುಬಿಟ್ಟೆ. ಕಿಟಕಿಯ ಹತ್ತಿರ ಹಾದುಹೋಗುತ್ತಿದ್ದ ಹೆಡ್‌ಮೇಷ್ಟ್ರು ಒಂದು ಕ್ಷಣ ನಿಂತರು, ಏನೂ ಹೇಳದೆ ಹೋದರು. ಪಿರಿಯಡ್ ಮುಗಿದ ಮೇಲೆ ತಮ್ಮ ಕೋಣೆಗೆ ಕರೆಸಿ, ಬಾಗಿಲು ಮುಂದಕ್ಕೆ ಮಾಡಿ, "ಹದಿಮೂರೇಳ್ಲ ಎಷ್ಟು ಮೇಷ್ಟ್ರೇ?" ಎಂದು ಕೇಳಿದರು. ತೊಂಬತ್ತೊಂದು ಎನ್ನುವಾಗಲೇ ನನಗೆ ತಪ್ಪು ಹೊಳೆಯಿತು.

"ನಾಳೆ ಸರಿ ಮಾಡ್ತೀನಿ ಸಾರ್" ಎಂದೆ.

"ನಾಳೆ ಅಲ್ಲ, ಈಗ್ಲೇ ಹೋಗಿ ಹೇಳಿ. ರಾತ್ರಿ ಕಳೆದ್ರೆ ಹೇಳೋಕೆ ಇನ್ನೂ ಕಷ್ಟ ಆಗತ್ತೆ" ಎಂದರು.

ಹೋಗಿ ಹೇಳಿದೆ. ಮಕ್ಕಳು ನಕ್ಕರು, ನಾನೂ ನಕ್ಕೆ, ಅಲ್ಲಿಗೆ ಮುಗಿಯಿತು. ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ ಎನ್ನುವ ಹಾಗಿಲ್ಲ ಎಂದು ತಿಳಿಯಲಿ ಅಂತ ಇದನ್ನು ಬರೆದೆ. ಮೊದಲ ವಾರವೇ, ಅದೂ ನನ್ನ ಮಾನ ಕಾಪಾಡಿ, ಆ ಹಿರಿಯರು ಕಲಿಸಿದ್ದರು.

ನನ್ನ ಹೆಸರು ಸ್ವಲ್ಪ ಕೇಳಿಬಂದದ್ದು 'ಸಂಖ್ಯೆಯ ಜಾತಕ' ಎಂಬ ಒಂದು ಪದ್ಧತಿಯಿಂದ. ಒಂಬತ್ತನೆಯ ತರಗತಿಯ ಪ್ರತಿ ಮಗುವಿಗೂ ಆರಂಕಿಯ ಒಂದೊಂದು ಸಂಖ್ಯೆ ಕೊಡುತ್ತಿದ್ದೆ. ಒಂದು ಹಾಳೆಯಲ್ಲಿ ಅದರ ಜಾತಕ ಬರೆದು ತರಬೇಕು: ಅಂಕಿಗಳನ್ನು ಕೂಡಿಸಿದರೆ ಎಷ್ಟು, ಒಂಬತ್ತರಿಂದ ಭಾಗಿಸಿದರೆ ಶೇಷವೆಷ್ಟು, ಯಾವ ಎರಡು ವರ್ಗಸಂಖ್ಯೆಗಳ ನಡುವೆ ಇದೆ, ಮುಂದಿನ ವರ್ಗಕ್ಕೆ ಎಷ್ಟು ಕಡಿಮೆ, ಕೊನೆಗೆ ಅದರ ಅಪವರ್ತನಗಳು ಯಾವುವು ಅಥವಾ ಅದು ಅವಿಭಾಜ್ಯವೇ. ಮಕ್ಕಳು ತಮ್ಮ ಸಂಖ್ಯೆಯನ್ನು ಎಷ್ಟು ಹಚ್ಚಿಕೊಳ್ಳುತ್ತಿದ್ದರೆಂದರೆ, ಒಬ್ಬ ತನ್ನ ಸಂಖ್ಯೆಯನ್ನು ಸೈಕಲ್ಲಿನ ಮಡ್‌ಗಾರ್ಡ್ ಮೇಲೆ ಬಣ್ಣದಲ್ಲಿ ಬರೆಸಿಕೊಂಡಿದ್ದ. ಚುರುಕಾದವರಿಗೆ ಬೇಕೆಂದೇ ಅವಿಭಾಜ್ಯ ಸಂಖ್ಯೆ ಕೊಡುತ್ತಿದ್ದೆ. ಅದಕ್ಕೆ ಅಪವರ್ತನ ಇಲ್ಲ ಎಂದು ತೋರಿಸಲು ಎರಡು, ಮೂರು, ಐದು, ಏಳು ಹೀಗೆ ವರ್ಗಮೂಲದವರೆಗಿನ ಒಂದೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕು. ವಾರಗಟ್ಟಲೆ ಕೆಲಸ, ಹಾಗಾಗಿ ಅವರು ತರಗತಿಯಲ್ಲಿ ಗಲಾಟೆ ಮಾಡುತ್ತಿರಲಿಲ್ಲ.

ಎಲ್ಲ ಸಂಖ್ಯೆಗಳ ಉತ್ತರಗಳನ್ನು ನಾನು ಮೊದಲೇ ಮಾಡಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರಲ್ಲಿ ೩,೧೬,೯೩೩ರ ಎದುರು 'ಅವಿಭಾಜ್ಯ' ಎಂದು ಕೆಂಪು ಶಾಯಿಯಲ್ಲಿತ್ತು. ಅದರ ವರ್ಗಮೂಲ ೫೬೨ ಚಿಲ್ಲರೆ. ಒಂದು ಚೀಟಿಯಲ್ಲಿ ಹಾಗೆಂದು ಗೀಚಿಕೊಂಡು, ಎಷ್ಟೋ ದಿನದ ನಂತರ ಭಾಗಾಕಾರಕ್ಕೆ ಕೂತಾಗ ನನ್ನದೇ ಅಕ್ಷರದ ಆರನ್ನು ಐದು ಎಂದು ಓದಿಕೊಂಡೆ. ಹಾಗಾಗಿ ೫೪೭ಕ್ಕೇ ನಿಲ್ಲಿಸಿದೆ. ಅಷ್ಟರಲ್ಲಿ ನೂರಾ ಒಂದು ಭಾಗಾಕಾರವಾಗಿತ್ತು. ಆಗಬೇಕಾಗಿದ್ದದ್ದು ಇನ್ನೊಂದೇ, ೫೫೭ರಿಂದ. ಮೊದಲ ವರ್ಷ ಆ ಸಂಖ್ಯೆ ಸಿಕ್ಕಿದ್ದ ಹುಡುಗ 'ಅವಿಭಾಜ್ಯ' ಎಂದು ಬರೆದು ಪೂರ್ತಿ ಅಂಕ ಪಡೆದಿದ್ದ. ಅವನು ಎಷ್ಟು ಭಾಗಾಕಾರ ಮಾಡಿದ್ದನೋ ದೇವರಿಗೇ ಗೊತ್ತು.

ಮರುವರ್ಷ ಅದನ್ನು ಪೂಂಗೊಡಿಗೆ ಕೊಟ್ಟೆ. ಜನ್ನಾಪುರದ ಹುಡುಗಿ. ಮನೆಮಾತು ತಮಿಳು, ತಂದೆ ಕಾರ್ಖಾನೆಯಲ್ಲಿ ಕೆಲಸಗಾರರು. ತರಗತಿಯಲ್ಲಿ ಅವಳಷ್ಟು ಬೇಗ ಲೆಕ್ಕ ಬಿಡಿಸುವವರು ಇರಲಿಲ್ಲ. ಆ ವರ್ಷ ಶಿವಮೊಗ್ಗದಲ್ಲಿ ನಡೆಯುವ ಜಿಲ್ಲಾ ಮಟ್ಟದ ಗಣಿತ ಸ್ಪರ್ಧೆಗೆ ನಮ್ಮ ಶಾಲೆಯಿಂದ ಇಬ್ಬರನ್ನು ಕಳಿಸಬೇಕಿತ್ತು. ಜಾತಕ ಚೆನ್ನಾಗಿ ಬರೆದ ಇಬ್ಬರನ್ನು ಆರಿಸುತ್ತೇನೆ ಎಂದು ತರಗತಿಗೆ ಹೇಳಿದ್ದೆ. ಅವಳಿಗೆ ಹೋಗುವ ಆಸೆ ಬಹಳ ಇತ್ತು, ಎರಡು ಸಲ ಬಂದು ದಿನಾಂಕ ಕೇಳಿಕೊಂಡು ಹೋಗಿದ್ದಳು.

ಜಾತಕ ತಿದ್ದುವ ದಿನ ವಿಷಯ ಪರಿವೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೆಳಗ್ಗೆ ತಾನೇ ನನ್ನ ದಪ್ಪ ನೋಟ್‌ಬುಕ್ಕನ್ನು ಅವರಿಗೆ ತೋರಿಸಿ ಮೆಚ್ಚಿಗೆ ಗಿಟ್ಟಿಸಿದ್ದೆ. ಪೂಂಗೊಡಿಯ ಹಾಳೆ ಬಂತು. ಬೇರೆಯವರು ಹತ್ತಾರು ಪುಟ ಭಾಗಾಕಾರ ಲಗತ್ತಿಸಿದ್ದರೆ ಅವಳು ಕೊನೆಯ ಕಲಮಿಗೆ ಬರೆದದ್ದು ಎರಡೇ ಸಾಲು: '೫೬೩ರ ವರ್ಗಕ್ಕೆ ೩೬ ಕಡಿಮೆ. ೩೬ ಎಂದರೆ ೬ರ ವರ್ಗ. ಆದ್ದರಿಂದ ೫೫೭ × ೫೬೯.'

ಇದು ಎಂಥ ಉತ್ತರ ಎಂದು ಗಣಿತದವರಿಗೆ ಹೇಳಬೇಕಾಗಿಲ್ಲ. ಎರಡು ವರ್ಗಗಳ ವ್ಯತ್ಯಾಸವನ್ನು, ಅವುಗಳ ಮೂಲಗಳನ್ನು ಒಮ್ಮೆ ಕಳೆದು ಒಮ್ಮೆ ಕೂಡಿ, ಎರಡು ಅಪವರ್ತನಗಳಾಗಿ ಬರೆಯಬಹುದು ಎಂಬುದು ಅದೇ ವರ್ಷ ನಾನೇ ಕಲಿಸಿದ್ದ ನಿತ್ಯಸಮೀಕರಣ. 'ಮುಂದಿನ ವರ್ಗಕ್ಕೆ ಎಷ್ಟು ಕಡಿಮೆ' ಎಂಬ ಕಲಮು ನಾನೇ ಮಾಡಿದ್ದು. ಅಲ್ಲಿ ಮೂವತ್ತಾರು ಬಂದದ್ದನ್ನು ನೋಡಿ ಅವಳಿಗೆ ಹೊಳೆದಿದೆ. ನನ್ನ ನೋಟ್‌ಬುಕ್ಕಿನಲ್ಲೂ ಅಲ್ಲಿ ಮೂವತ್ತಾರೇ ಇತ್ತು, ನನಗೆ ಹೊಳೆದಿರಲಿಲ್ಲ. ಅದಿರಲಿ, ಅವಳ ಎರಡು ಸಾಲನ್ನು ನಾನು ಓದಲೇ ಇಲ್ಲ. ಉತ್ತರದ ಪುಸ್ತಕ ನೋಡಿದೆ, ಹಾಳೆಯ ಮೇಲೆ ಕೆಂಪು ಗೆರೆ ಎಳೆದೆ.

"ಏನು ಮಾರಾಯ್ತಿ, ಎರಡೇ ಸಾಲಿಗೆ ಮುಗಿಸ್ಬಿಟ್ಟೆ?" ಎಂದೆ.

"ಅಷ್ಟೇ ಸಾಕಾಯ್ತು ಸಾರ್."

ಹುಡುಗರು ನಕ್ಕರು. "ಇದು ಅವಿಭಾಜ್ಯ ಕಣಮ್ಮ. ಇದಕ್ಕೆ ಅಪವರ್ತನಾನೇ ಇಲ್ಲ. ಎಲ್ಲಿಂದ ತಂದೆ ಇದನ್ನ?"

ಅವಳು ಎದ್ದು ನಿಂತು, ಮೆಲ್ಲಗೆ, "ಗುಣಿಸಿ ನೋಡಿ ಸಾರ್" ಎಂದಳು.

ಒಂದು ನಿಮಿಷದ ಕೆಲಸ. ೫೫೭ನ್ನು ೫೬೯ರಿಂದ ಗುಣಿಸಲು ಬೋರ್ಡಿನ ಮೇಲೆ ನಾಲ್ಕು ಸಾಲು ಬೇಕು, ಅಷ್ಟೆ. ಚಾಕ್‌ಪೀಸು ಕೈಯಲ್ಲೇ ಇತ್ತು. ಹಿಂದಿನ ಬೆಂಚಿನಲ್ಲಿ ಪರಿವೀಕ್ಷಕರು ಇರದಿದ್ದರೆ ಗುಣಿಸುತ್ತಿದ್ದೆನೋ ಏನೋ. ಬಹಳ ವರ್ಷ ಹಾಗೆ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ಈಗ ಅದನ್ನೂ ನಂಬುವುದಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ ನನ್ನ ಪುಸ್ತಕ ತಪ್ಪು ಎನ್ನುತ್ತಿದ್ದಾಳೆ ಎಂಬುದೇ ನನಗೆ ಸಾಕಾಗಿತ್ತು.

"ನಾನು ಗುಣಿಸೋದಲ್ಲ, ನೀನು ಭಾಗಿಸು. ಎರಡರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿ, ಪೂರ್ತಿ ಬರ್ಕೊಂಡು ಬಾ. ನಿನಗೆ ತಲೆ ಇದೆ, ತಾಳ್ಮೆ ಇಲ್ಲ. ತಾಳ್ಮೆ ಇಲ್ಲದವರಿಗೆ ಗಣಿತ ಅಲ್ಲ" ಎಂದೆ.

ಪರಿವೀಕ್ಷಕರು ಹಿಂದಿನಿಂದ, "ಈಗಿನ ಮಕ್ಕಳಿಗೆ ಅಡ್ಡದಾರಿ ಬೇಗ ಕಾಣ್ಸುತ್ತೆ ನೋಡ್ರಿ" ಎಂದು ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ.

ಅದು ಸೋಮವಾರ. ಬುಧವಾರ ಅವಳು ಹದಿನಾಲ್ಕು ಪುಟ ತುಂಬ ಭಾಗಾಕಾರ ಮಾಡಿಕೊಂಡು ಬಂದಳು. ನೂರಾ ಎರಡು ಭಾಗಾಕಾರ. ನಾನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆ. ಪುಟ ತಿರುವಿದೆ, ಕೊನೆಯ ಪುಟದ ಅಡಿಯಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕಿ ವಾಪಸು ಕೊಟ್ಟೆ. ನನ್ನ ಸಹಿಯ ಒಂದಂಗುಲ ಮೇಲೆ ೫೫೭ರ ಭಾಗಾಕಾರವಿತ್ತು, ಅದರ ಶೇಷ ಸೊನ್ನೆ. ಆ ಸೊನ್ನೆ ನನಗೆ ಕಂಡಿತ್ತೋ ಇಲ್ಲವೋ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಅವಳು ಒಂದು ಗಳಿಗೆ ನಿಂತಿದ್ದಳು. ನಾನು ತಲೆ ಎತ್ತದಿದ್ದದ್ದರಿಂದ ಹೋದಳು.

ಕಂಡಿತ್ತು ಅಂತ ಕಾಣುತ್ತದೆ. ಯಾಕೆಂದರೆ ಅವತ್ತು ಸಂಜೆ ಬಸ್ಸಿನಲ್ಲಿ ನಾನು ಟಿಕೆಟ್ಟಿನ ನಂಬರು ನೋಡಲಿಲ್ಲ. ಟಿಕೆಟ್ ತಿರುಗಿಸಿ, ಅದರ ಹಿಂದೆ ೫೫೭ ಬರೆದು ಕೆಳಗೆ ೫೬೯ ಬರೆದೆ. ಐದು ಸಾವಿರದ ಹದಿಮೂರು, ಮೂವತ್ತಮೂರು ಸಾವಿರದ ನಾನೂರ ಇಪ್ಪತ್ತು, ಎರಡು ಲಕ್ಷದ ಎಪ್ಪತ್ತೆಂಟು ಸಾವಿರದ ಐನೂರು. ಕೂಡಿದೆ. ಮೂರು ಲಕ್ಷದ ಹದಿನಾರು ಸಾವಿರದ ಒಂಬೈನೂರ ಮೂವತ್ತಮೂರು. ಇನ್ನೊಮ್ಮೆ ಕೂಡಿದೆ. ಬಸ್ಸು ಮಲವಗೊಪ್ಪ ದಾಟಿ ಬಹಳ ದೂರ ಬಂದಿತ್ತು.

ಗುರುವಾರ ಹೇಳಬೇಕೆಂದೇ ಹೋದೆ. ಹಾಜರಿ ತೆಗೆದುಕೊಂಡೆ, ಅವಳ ಹೆಸರು ಕರೆದೆ, "ಪ್ರೆಸೆಂಟ್ ಸಾರ್" ಎಂದಳು, ಪಾಠ ಶುರುಮಾಡಿದೆ. ಶುಕ್ರವಾರ ಪರೀಕ್ಷೆ ಇದೆಯಲ್ಲ, ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಶನಿವಾರ ಸ್ಪರ್ಧೆಗೆ ಹೆಸರು ಕಳಿಸುವ ಕೊನೆಯ ದಿನ. ಅವಳನ್ನು ಸೇರಿಸಿದರೆ ಯಾಕೆ ಸೇರಿಸಿದಿರಿ ಎಂದು ತರಗತಿ ಕೇಳುತ್ತದೆ, ಪರಿವೀಕ್ಷಕರ ಕಿವಿಗೂ ಬೀಳುತ್ತದೆ ಎಂದು ಲೆಕ್ಕ ಹಾಕಿ ಬೇರೆ ಇಬ್ಬರ ಹೆಸರು ಬರೆದು ಕಳಿಸಿದೆ. ಸಂಜೆ ನೋಟ್‌ಬುಕ್ ತೆಗೆದು 'ಅವಿಭಾಜ್ಯ' ಎಂಬುದನ್ನು ಬ್ಲೇಡಿನಿಂದ ಹೆರೆದು, ೫೫೭ × ೫೬೯ ಎಂದು ಬರೆದೆ. ತಪ್ಪನ್ನು ಪುಸ್ತಕದಲ್ಲಿ ಮಾತ್ರ ತಿದ್ದಿದ ಮೇಷ್ಟ್ರು ನಾನು.

ಮುಂದಿನ ವಾರ ಅವಳ ತಂದೆ ಗೇಟಿನ ಹತ್ತಿರ ನನಗಾಗಿ ಕಾದಿದ್ದರು. ಮಗಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲು ಶಿಫ್ಟ್ ಬದಲಾಯಿಸಿಕೊಂಡಿದ್ದರಂತೆ. "ನಮ್ಮ ಪಾಪು ಹೆಸ್ರು ಇಲ್ವಾ ಸಾರ್?" ಎಂದು ಕೇಳಿದರು. ಈ ಸಲ ಇಲ್ಲ ಎಂದೆ. "ಸರಿ ಸಾರ್. ನೀವು ನೋಡೇ ಮಾಡಿರ್ತೀರ" ಎಂದು ಕೈಮುಗಿದು ಹೋದರು.

ಇಲ್ಲಿಗೆ ನಿಂತಿದ್ದರೆ ಈ ಕಥೆ ಇಷ್ಟು ಕೆಡುತ್ತಿರಲಿಲ್ಲ. ಮರುವರ್ಷ ಪಟ್ಟಿಯಿಂದ ಆ ಸಂಖ್ಯೆಯನ್ನು ತೆಗೆಯಬಹುದಿತ್ತು. ತೆಗೆದರೆ ಯಾಕೆ ತೆಗೆದೆ ಎಂದು ನನಗೆ ನಾನೇ ಉತ್ತರ ಹೇಳಬೇಕು, ಹಾಗಾಗಿ ಬಿಟ್ಟೆ. ಅದು ಹರೀಶ ಎಂಬ ಹುಡುಗನಿಗೆ ಹೋಯಿತು. ಅವನು ಒಂದೂ ಬಿಡದೆ ಭಾಗಿಸಿ, ನೂರಾ ಎರಡನೆಯದರಲ್ಲಿ ಸೊನ್ನೆ ಕಂಡು ಕುಣಿದಾಡುತ್ತಾ ಬಂದ. ಕಷ್ಟದ ಸಂಖ್ಯೆ ಒಡೆದವರ ಹೆಸರನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿ ಚಪ್ಪಾಳೆ ಹೊಡೆಸುವುದು ನಾನೇ ಮಾಡಿದ ಪದ್ಧತಿ. ಮೈಕಿನ ಮುಂದೆ ನಿಂತು, "ಮೂರು ಲಕ್ಷದ ಹದಿನಾರು ಸಾವಿರದ ಒಂಬೈನೂರ ಮೂವತ್ತಮೂರನ್ನು ನಮ್ಮ ಶಾಲೆಯಲ್ಲಿ ಮೊದಲ ಬಾರಿಗೆ ಒಡೆದವನು ಹರೀಶ" ಎಂದು ಹೇಳಿದೆ. 'ಮೊದಲ ಬಾರಿಗೆ' ಎಂಬ ಮಾತು ಯಾಕೆ ಬಾಯಿಗೆ ಬಂತೋ ತಿಳಿಯದು. ಯಾರೂ ಕೇಳಿರಲಿಲ್ಲ.

ಪೂಂಗೊಡಿ ಹತ್ತನೆಯ ತರಗತಿಯ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಎಲ್ಲರ ಜೊತೆ ಅವಳೂ ಚಪ್ಪಾಳೆ ಹೊಡೆದಳು. ನನ್ನ ಕಡೆಯೇ ನೋಡುತ್ತಿದ್ದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹತ್ತನೆಯ ತರಗತಿಯಲ್ಲಿ ಅವಳಿಗೆ ಗಣಿತದಲ್ಲಿ ಶಾಲೆಗೇ ಹೆಚ್ಚು ಅಂಕ ಬಂತು. ಪಿಯುಸಿಗೆ ಕಾಮರ್ಸ್ ತೆಗೆದುಕೊಂಡಳು. ಅಂಕಪಟ್ಟಿ ಒಯ್ಯಲು ಬಂದಾಗ, "ಸೈನ್ಸ್ ಯಾಕೆ ಬೇಡಮ್ಮ, ಗಣಿತ ಇಷ್ಟು ಚೆನ್ನಾಗಿ ಬರತ್ತಲ್ಲ" ಎಂದೆ. "ಬೇಡ ಸಾರ್" ಎಂದಳು. ಕಾರಣ ಕೇಳಲಿಲ್ಲ, ಹೇಳಿಬಿಡುತ್ತಾಳೆ ಎಂಬ ಭಯ ನನಗೆ. ಈಗ ಅವಳಿಗೆ ಜನ್ನಾಪುರದಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇದೆ, ಇಬ್ಬರಿಗೆ ಕೆಲಸ ಕೊಟ್ಟಿದ್ದಾಳೆ, ಒಳ್ಳೆಯ ಹೆಸರಿದೆ. ನಾನು ಅವಳ ಬದುಕು ಹಾಳುಮಾಡಿದೆ ಎಂದು ಹೇಳಿಕೊಂಡರೆ ಅದೂ ಒಂದು ಜಂಬವೇ ಆದೀತು. ಗಣಿತ ಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಬೇಕಿತ್ತು, ಅದನ್ನು ನಾನು ಕಿತ್ತುಕೊಂಡೆ.

ಈಗ ಕಾಲ ಬದಲಾಗಿದೆ. ನನ್ನ ಕೊನೆಯ ವರ್ಷಗಳಲ್ಲಿ ಜಾತಕದ ಪದ್ಧತಿಯನ್ನು ನಾನೇ ನಿಲ್ಲಿಸಿದೆ. ಮನೆಯಲ್ಲಿರುವ ಫೋನಿಗೆ ಸಂಖ್ಯೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಪವರ್ತನ ಬರುತ್ತದೆ, ಮಕ್ಕಳು ಅದನ್ನೇ ಬರೆದು ತರುತ್ತಾರೆ. ಹೊಸ ಮೇಷ್ಟ್ರುಗಳು ಇದರಿಂದ ಬೇಜಾರಾಗುವುದನ್ನು ನೋಡಿದ್ದೇನೆ. ಬೇಜಾರಾಗಬೇಡಿ. ಉತ್ತರ ಎಲ್ಲಿಂದಲಾದರೂ ಬರಲಿ, ಫೋನಿನಿಂದ, ಗೈಡಿನಿಂದ, ಹಿಂದಿನ ಬೆಂಚಿನ ಹುಡುಗಿಯಿಂದ. ಒಡೆಯುವುದು ಕಷ್ಟ, ಒಡೆದದ್ದನ್ನು ಗುಣಿಸಿ ನೋಡುವುದು ಸುಲಭ. ಮಗು ಗುಣಿಸಿ ನೋಡಿ ಎಂದರೆ ಗುಣಿಸಿ ನೋಡಿ. ಸರಿಯಿದ್ದರೆ ಆ ದಿನವೇ, ಅದೇ ತರಗತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ.

ನಾನು ಹೇಳಲು ತೆಗೆದುಕೊಂಡದ್ದು ಇಪ್ಪತ್ತೆರಡು ವರ್ಷ. ಹೋದ ವರ್ಷ ಆ ಎರಡು ಬ್ಯಾಚಿನ ಹಳೆಯ ವಿದ್ಯಾರ್ಥಿಗಳು ಸೇರಿ ಭದ್ರಾವತಿಯ ಒಂದು ಕಲ್ಯಾಣ ಮಂಟಪದಲ್ಲಿ ಗುರುವಂದನೆ ಇಟ್ಟುಕೊಂಡಿದ್ದರು. ನನಗೆ ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹರೀಶ ಈಗ ಶಿವಮೊಗ್ಗದಲ್ಲಿ ಫೌಂಡ್ರಿ ನಡೆಸುತ್ತಾನೆ. ಮೈಕ್ ಹಿಡಿದು, "ನಮ್ಮ ಸಾರು ಕೊಟ್ಟ ಆ ನಂಬರ್ ಇವತ್ತಿಗೂ ನನಗೆ ಬಾಯಿಪಾಠ" ಎಂದು ಅಷ್ಟೂ ಅಂಕಿಗಳನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ. ಪೂಂಗೊಡಿ ನಾಲ್ಕನೆಯ ಸಾಲಿನಲ್ಲಿ ಕೂತಿದ್ದಳು. ನನ್ನ ಸರದಿ ಬಂದಾಗ ಇವತ್ತಾದರೂ ಹೇಳಿಬಿಡಬೇಕೆಂದು ಎದ್ದವನು, ತಲೆಯ ಮೇಲೆ ಪೇಟ, ಎದುರಿಗೆ ಅಷ್ಟು ಜನ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ನಾಲ್ಕು ಮಾತಾಡಿ ಕೂತೆ.

ಊಟಕ್ಕೆ ಏಳುವ ಹೊತ್ತಿನಲ್ಲಿ ಅವಳೇ ಹತ್ತಿರ ಬಂದಳು. ಕಾಲಿಗೆ ನಮಸ್ಕರಿಸಲು ಬಗ್ಗಿದಳು. ನಾನು ಹಿಂದೆ ಸರಿದೆ.

"ಬೇಡಮ್ಮ. ನಿನ್ನ ಹತ್ರ ಒಂದು ಮಾತು ಹೇಳೋದಿದೆ."

"ಆ ನಂಬರ್ ವಿಷಯಾನಾ ಸಾರ್?" ಎಂದು ನಕ್ಕಳು. "ಬಿಡಿ ಸಾರ್. ಅಷ್ಟು ಮಕ್ಕಳ ಲೆಕ್ಕ ತಿದ್ದೋವಾಗ ಒಂದು ತಪ್ಪಿ ಹೋಗತ್ತೆ. ಹರೀಶ ಮಾಡಿದ್ಮೇಲೆ ತಾನೇ ನಿಮಗೂ ಗೊತ್ತಾಗಿದ್ದು? ಅಷ್ಟೊತ್ತಿಗೆ ಎಲ್ಲಾ ಮುಗ್ದಿತ್ತು. ನಮ್ಮಪ್ಪನಿಗೂ ನಾನು ಹಾಗೇ ಹೇಳಿದ್ದೆ, ಸಾರಿಗೆ ಗೊತ್ತಿದ್ರೆ ಕಳಿಸ್ತಿದ್ರು ಅಂತ."

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ನಮಸ್ಕಾರ ಮಾಡಿಸಿಕೊಂಡು ಊಟಕ್ಕೆ ಹೋಗಬಹುದಿತ್ತು. ಅಷ್ಟು ಒಳ್ಳೆಯ ನೆಪವನ್ನು ಅವಳು ಇಷ್ಟು ವರ್ಷ ನನಗಾಗಿ ಕಾಪಾಡಿಕೊಂಡು ಬಂದಿದ್ದಳು.

"ಇಲ್ಲಮ್ಮ" ಎಂದೆ. "ನೀನು ನೂರಾ ಎರಡು ಭಾಗಾಕಾರ ಮಾಡಿ ತಂದಿದ್ಯಲ್ಲ, ಅವತ್ತು ಸಂಜೆ ಬಸ್ಸಲ್ಲೇ ಗುಣಿಸಿ ನೋಡ್ದೆ. ನೀನು ಬರೆದಿದ್ದು ಸರಿ ಅಂತ ಅವತ್ತೇ ಗೊತ್ತಾಗಿತ್ತು."

ಅವಳ ನಗು ಇನ್ನೂ ಮುಖದ ಮೇಲಿತ್ತು.

"ಸ್ಪರ್ಧೆಗೆ ಹೆಸರು ಕಳ್ಸೋಕೆ ಮುಂಚೇನಾ ಸಾರ್?"

"ಮುಂಚೇನೇ. ಮೂರು ದಿನ ಮುಂಚೆ."

ಹಿಂದಿನಿಂದ ಯಾರೋ ಎಲೆ ಹಾಕಿಯಾಯ್ತು ಬನ್ನಿ ಎಂದು ಕೂಗುತ್ತಿದ್ದರು.

"ಇಷ್ಟು ವರ್ಷ ಅದು ಬರೀ ತಪ್ಪು ಅಂತ ಅಂದ್ಕೊಂಡಿದ್ದೆ ಸಾರ್" ಎಂದಳು.

ಆಮೇಲೆ ಸೆರಗು ಸರಿಮಾಡಿಕೊಂಡು, ನನಗೆ ದಾರಿ ಬಿಟ್ಟು, ತನ್ನ ಗೆಳತಿಯರು ಕೂತಿದ್ದ ಪಂಕ್ತಿಯ ಕಡೆಗೆ ಹೋದಳು. ನಮಸ್ಕಾರ ಮಾಡಲಿಲ್ಲ.